ಕೇಳಿದ್ದರ ಕೆಳಗೆ

ಹೋದ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಾನು ನಂಜನಗೂಡಿನ ಬಜಾರಿನಲ್ಲಿ, ಒಂದು ಹೊಲಿಗೆ ಯಂತ್ರ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆ. ಒಳಗಲ್ಲ, ಹೊರಗೆ, ಮೆಟ್ಟಿಲಿನ ಎಡಗಡೆ. ಒಳಗೆ ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ. ಅಕ್ಕನ ಯಂತ್ರ ರಿಪೇರಿಗೆ ಬಂದಿತ್ತು. ರಿಪೇರಿಯವನು ಉದ್ದ ಮೂತಿಯ ಡಬ್ಬಿಯಿಂದ ಯಂತ್ರದ ಹೊಟ್ಟೆಯೊಳಕ್ಕೆ ಎಣ್ಣೆ ಬಿಟ್ಟು, ಚಕ್ರವನ್ನು ಒಂದು ಸುತ್ತು ತಿರುಗಿಸಿ, ಮೇಲೆ ಸೋರಿದ್ದನ್ನು ಬಟ್ಟೆಯಿಂದ ಒರೆಸಿದ. ಆಗ ಆ ವಾಸನೆ ಬಂತು…

ಟೈಪ್‌ರೈಟರಿಗೆ ಹಾಕುತ್ತಿದ್ದದ್ದೂ ಇದೇ ಎಣ್ಣೆ. ಅದರ ಜೊತೆಗೆ ರಿಬ್ಬನ್ನಿನ ಮಸಿಯ ವಾಸನೆಯೂ ಸೇರಿಬಿಟ್ಟರೆ ಅದು ನಮ್ಮ ಟೈಪಿಂಗ್ ಮೇಡಂ ಅವರ ವಾಸನೆ. ಮಲ್ಲಿಗೆ ಮುಡಿದರೂ ಅವರಿಂದ ಬರುತ್ತಿದ್ದದ್ದು ಅದೇ. ನಾನು ಮೆಟ್ಟಿಲಿನ ಅಂಚನ್ನು ಹಿಡಿದುಕೊಂಡೆ. ರಿಪೇರಿಯವನು, "ಯಾಕ್ ಸಾ, ತಲೆ ಸುತ್ತಾ? ಕೂತ್ಕಳಿ" ಅಂದ. ಇಲ್ಲ ಅಂದೆ. ಆದರೆ ಕೂತುಕೊಂಡೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದೇ ಬಜಾರಿನ ಇನ್ನೊಂದು ತುದಿಯಲ್ಲಿ, ಪಾತ್ರೆ ಅಂಗಡಿಯ ಮಹಡಿಯ ಮೇಲೆ ಮೇಡಂ ಅವರ ಟೈಪಿಂಗ್ ಶಾಲೆ ಇತ್ತು. ಅವರು ಹತ್ತಿರದ ಹೆಡತಲೆ ಊರಿನ ಒಕ್ಕಲು ಮನೆಯವರು. ಮದುವೆಯಾಗಿರಲಿಲ್ಲ. ಯಾಕೆಂದು ನಾವು ಯಾರೂ ಕೇಳಲಿಲ್ಲ, ಕೇಳುವ ಧೈರ್ಯವಿರುವ ಒಬ್ಬ ಮುದುಕಿ ಕೇಳಿದ್ದಕ್ಕೆ, "ಇಷ್ಟೊಂದು ಮಿಷನ್ ಸಾಕ್ತಾ ಇದೀನಲ್ಲಜ್ಜಿ, ಒಂದೊಂದೂ ಒಂದೊಂದು ಗಂಡ ಇದ್ದಂಗೆ, ದಿನಾ ಒಂದು ಕೈ ಕೊಡುತ್ತೆ" ಅಂದಿದ್ದರಂತೆ. ಕಲಿಯುವವರ ಕೈಗಳ ಮೇಲೆ ಒಂದು ಟವೆಲ್ ಹೊದಿಸುತ್ತಿದ್ದರು. ಕೀಲಿ ನೋಡಬಾರದು, ಹಾಳೆ ನೋಡಬೇಕು. ನಾನು ಟವೆಲ್ ಕೆಳಗೆ ಇಣುಕಿದರೆ ಅಡಿಕೋಲಿನಿಂದ ಮೇಜಿಗೆ ಒಂದು ಏಟು. "ನಿನ್ನ ಕೈ ಓಡ್ತಾ ಇದೆ ಕಣಪ್ಪಾ, ತಲೆ ಇನ್ನೂ ಬಸ್‌ಸ್ಟ್ಯಾಂಡಲ್ಲಿ ನಿಂತಿದೆ."

ಅವರ ಹತ್ತಿರ ಕಲಿತು ನಾನು ಜೂನಿಯರ್ ಪಾಸಾದೆ, ಸೀನಿಯರ್ ಪಾಸಾದೆ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದೆ. ನಮ್ಮ ಮನೆಯಲ್ಲಿ ಸಂಬಳ ಅನ್ನುವ ಮಾತು ಅದೇ ಮೊದಲು ಕೇಳಿದ್ದು. ಅದಕ್ಕೇ ನಾನು ಅವರಿಗೆ ಋಣಿಯಾಗಿರಬೇಕಿತ್ತು. ಆದರೆ ನಾನು ಹೇಳಬೇಕಾಗಿರುವುದು ಅದಕ್ಕಿಂತ ದೊಡ್ಡ ಋಣದ ವಿಷಯ.

ನಮ್ಮಕ್ಕನನ್ನು ಕೊಟ್ಟಿದ್ದು ತಿ. ನರಸೀಪುರದ ಪಕ್ಕದ ಸೋಸಲೆಗೆ. ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅವಳ ಹೃದಯದ ಕವಾಟವನ್ನು ಹಾಳು ಮಾಡಿತ್ತು. ಅದು ಗೊತ್ತಾದದ್ದು ಮದುವೆಯಾಗಿ ಎಷ್ಟೋ ವರ್ಷಗಳಾದ ಮೇಲೆ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಲೋಹದ ಕವಾಟ ಹಾಕಿದರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳ ಪಕ್ಕದಲ್ಲಿ ಕೂತರೆ ಅದು ಟಿಕ್ ಟಿಕ್ ಅನ್ನುವುದು ಕೇಳುತ್ತಿತ್ತು. "ಗಡಿಯಾರ ನುಂಗಿವ್ನಿ ಕಣ್ಲಾ" ಅಂತ ಅವಳೇ ನಗುತ್ತಿದ್ದಳು. ಆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಅವಳು ದಿನಕ್ಕೊಂದು ಮಾತ್ರೆ ನುಂಗಬೇಕಿತ್ತು. ಬದುಕಿರುವವರೆಗೂ. ಒಂದು ದಿನವೂ ತಪ್ಪದೆ, ಹೆಚ್ಚೂ ಆಗದೆ ಕಡಿಮೆಯೂ ಆಗದೆ.

ಪ್ರತಿಯೊಂದಕ್ಕೂ ಬೆಂಗಳೂರಿಗೆ ಹೋಗಲು ಆಗುತ್ತಿರಲಿಲ್ಲ. ಆಪರೇಷನ್ ಮಾಡಿದ ಡಾಕ್ಟರು ಮನೆಗೆ ಕಳಿಸುವಾಗ ಚೀಟಿಯ ಹಿಂದೆ ತಮ್ಮ ಇ-ಮೇಲ್ ವಿಳಾಸ ಬರೆದುಕೊಟ್ಟು, ಏನಾದರೂ ಇದ್ದರೆ ಇದಕ್ಕೆ ಬರೆಯಿರಿ ಅಂದರು. ನಾನು ಆ ಚೀಟಿ ಹಿಡಿದು ಮೇಡಂ ಹತ್ತಿರ ಬಂದೆ. ಎರಡು ಸಾವಿರದ ಇಸವಿಯ ಹೊತ್ತಿಗೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗಿದ್ದರು. ಮೇಡಂ ಎರಡು ಕಂಪ್ಯೂಟರ್ ತಂದು ಕಿಟಕಿಯ ಪಕ್ಕ ಇಟ್ಟಿದ್ದರು. ಅವಕ್ಕೂ ಸಂಜೆ ಟವೆಲ್ ಹೊದಿಸುತ್ತಿದ್ದರು.

ಮೊದಲ ಪತ್ರವನ್ನು ಅವರೇ ಇಂಗ್ಲಿಷಿನಲ್ಲಿ ಬರೆದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅದರಲ್ಲಿ ಮೂರು ಪ್ರಶ್ನೆ ಹೆಕ್ಕಿ, ಒಂದರ ಕೆಳಗೊಂದು ಬರೆದು, ಪ್ರತಿ ಪ್ರಶ್ನೆಯ ಕೆಳಗೆ ಒಂದು ಸಾಲು ಖಾಲಿ ಬಿಟ್ಟರು. ಯಾಕೆ ಮೇಡಂ ಅಂದೆ.

"ಊಟಕ್ಕೆ ಕೂತಾಗ ಎಲೆ ಮೇಲೆ ಉಪ್ಪಿಗೊಂದು ಜಾಗ, ಪಲ್ಯಕ್ಕೊಂದು ಜಾಗ ಇರಲ್ವೇನೋ? ಎಲ್ಲಾನೂ ಅನ್ನದ ತಲೆ ಮೇಲೆ ಸುರಿದ್ರೆ ತಿನ್ನೋನು ಏನು ಮಾಡ್ತಾನೆ? ಕೇಳಿದ್ದರ ಕೆಳಗೇ ಹೇಳ್ಬೇಕು. ಅವರಿಗೆ ಜಾಗ ತೋರಿಸಿದೀನಿ ಅಷ್ಟೆ."

ಮೂರನೆಯ ದಿನ ಉತ್ತರ ಬಂತು. ಡಾಕ್ಟರು ಪ್ರತಿ ಪ್ರಶ್ನೆಯ ಕೆಳಗೆ, ಮೇಡಂ ಬಿಟ್ಟಿದ್ದ ಜಾಗದಲ್ಲೇ, ಒಂದೊಂದು ಸಾಲು ಬರೆದಿದ್ದರು. ನಮ್ಮ ಸಾಲುಗಳ ಮುಂದೆ ಬಾಣದ ಮೊನೆಯಂಥ ಗುರುತು. ಅವರ ಸಾಲಿನ ಮುಂದೆ ಏನೂ ಇಲ್ಲ. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. "ಈ ಡಾಕ್ಟ್ರಿಗೆ ಯಾರೋ ಒಳ್ಳೆಯವರು ಕಾಗದ ಬರೆಯೋದು ಕಲಿಸಿದ್ದಾರೆ ಕಣೋ" ಅಂದರು.

ನನಗೆ ಇದು ಹೊಸದೇನೂ ಆಗಿರಲಿಲ್ಲ. ನಮ್ಮ ಕಚೇರಿಯ ಕಡತದಲ್ಲಿಯೂ ಗುಮಾಸ್ತನ ಟಿಪ್ಪಣಿಯ ಕೆಳಗೆ ಮೇಲಿನವರು ಬರೆಯುತ್ತಾರೆ, ಅವರ ಕೆಳಗೆ ಇನ್ನೂ ಮೇಲಿನವರು. ಓದುವವನು ಮೇಲಿಂದ ಕೆಳಕ್ಕೆ ಓದಿಕೊಂಡು ಹೋದರೆ ಆಯಿತು. ಹಳೆಯ ಪತ್ರವನ್ನು ಯಾರೂ ಮತ್ತೆ ನಕಲು ಮಾಡುವುದಿಲ್ಲ. ಉಲ್ಲೇಖ ಎಂದು ಒಂದು ಸಾಲು ಹಾಕುತ್ತಾರೆ. ಮೇಡಂ ಇ-ಮೇಲಿಗೂ ಅದನ್ನೇ ಹಚ್ಚಿದರು. ಬೇಕಾದಷ್ಟು ಉಳಿಸು, ಬೇಡದ್ದು ತೆಗೆ, ಉತ್ತರವನ್ನು ಪ್ರಶ್ನೆಯ ಕೆಳಗಿಡು. ಶಾಲೆಗೆ ಇ-ಮೇಲ್ ಕಳಿಸಲು ಬಂದವರಿಗೆಲ್ಲ ಈ ಪಾಠ ಬಿಟ್ಟಿಯಾಗಿ ಸಿಗುತ್ತಿತ್ತು. ಬೇಡ ಅಂದರೂ ಸಿಗುತ್ತಿತ್ತು.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ನಮ್ಮ ದೊಡ್ಡ ಭಾವ, ಅಂದರೆ ಅಕ್ಕನ ಗಂಡನ ಅಣ್ಣ, ತಾವೂ ಇ-ಮೇಲ್ ತೆಗೆದುಕೊಂಡರು. ಅವರು ತಿ. ನರಸೀಪುರದಲ್ಲಿ ಮಿಡ್ಲ್ ಸ್ಕೂಲಿನ ಹೆಡ್‌ಮೇಷ್ಟ್ರು. ಮನೆಗೆ ಹಿರಿಯರು. ಅಕ್ಕನ ಆಪರೇಷನ್ನಿಗೆ ಎಲ್ಲರಿಗಿಂತ ಹೆಚ್ಚು ಓಡಾಡಿದವರು ಅವರೇ. ಇನ್ನು ಮುಂದೆ ಎಲ್ಲ ಪತ್ರವೂ ತಮಗೂ ಬರಲಿ ಅಂದರು. ಅದು ನ್ಯಾಯವೇ ಆಗಿತ್ತು. ಪೇಟೆಯ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು ಬಂದ ಪತ್ರವನ್ನು ಓದಿ, ತಮ್ಮ ಮಾತನ್ನು ಎಲ್ಲಕ್ಕಿಂತ ಮೇಲೆ ಸೇರಿಸಿ, ಎಲ್ಲರಿಗೂ ಕಳಿಸುತ್ತಿದ್ದರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. ಮೊದಲು ಆಶೀರ್ವಾದ, ಆಮೇಲೆ ಮಳೆ ಬೆಳೆ, ಆಮೇಲೆ ವಿಷಯ. ಕೆಳಗಿನದ್ದನ್ನು ಒಂದಕ್ಷರವೂ ತೆಗೆಯುತ್ತಿರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಒಂದು ಕಾಗದದ ತಂತಿ ನೇತಾಡುತ್ತಿತ್ತು. ಬಂದ ಕಾಗದಗಳನ್ನೆಲ್ಲ ಅದಕ್ಕೆ ಚುಚ್ಚುವುದು. ಹೊಸದು ಮೇಲೆ, ಹಳೆಯದು ಕೆಳಗೆ. ಅವರ ತಂದೆಯ ಕಾಲದ ಕಾಗದಗಳೂ ಅದರ ಬುಡದಲ್ಲಿದ್ದವು. ಕೀಳುವಂತಿರಲಿಲ್ಲ. ದೊಡ್ಡ ಭಾವನಿಗೆ ಇ-ಮೇಲ್ ಅಂದರೆ ಆ ತಂತಿಯೇ. ಮೇಡಂ ಒಮ್ಮೆ ನನ್ನ ಮೂಲಕ ಹೇಳಿ ಕಳಿಸಿದರು, ಹಳೆಯದನ್ನು ತೆಗೆದು ಬರೆಯಲು ಹೇಳಪ್ಪಾ ಅಂತ. ನಾನು ಸೋಸಲೆಗೆ ಹೋದಾಗ ಅವರೂ ಬಂದಿದ್ದರು, ಹೇಳಿದೆ. ದೊಡ್ಡ ಭಾವನ ಮುಖ ಸಣ್ಣಗಾಯಿತು.

"ಡಾಕ್ಟ್ರು ಬರ್ದಿರೋ ಮಾತ್ನ ನಾನು ಅಳಸಾದಾ? ನಿಮ್ ಮೇಡಂ ಬರ್ದಿರೋದ್ನ ಅಳಸಾದಾ? ದೊಡ್ಡೋರ ಮಾತ್ನ ಒರಸಾಕುದ್ರೆ ಒಳ್ಳೇದಾದ್ದೇನ್ಲಾ?"

ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದ ಭಾವ, "ಅಣ್ಣ ಸ್ಲೇಟ್ನೇ ಒರಸ್ನಿಲ್ಲ, ಅದ್ಕೇ ಇಸ್ಕೂಲಲ್ಲಿ ಒಂದೇ ಕ್ಲಾಸಲ್ಲಿ ಎರಡ್ ಸಲ ಕುಂತಿದ್ದ" ಅಂದರು. ಎಲ್ಲರೂ ನಕ್ಕರು. ದೊಡ್ಡ ಭಾವನೂ ನಕ್ಕರು. ಮಾತು ಅಲ್ಲಿಗೆ ನಿಂತಿತು.

ಇದನ್ನು ನಾನು ವಿವರವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಆ ಮನೆಯಲ್ಲಿ ಯಾರೂ ಅಸಡ್ಡೆಯವರಲ್ಲ. ಪ್ರತಿ ಇ-ಮೇಲನ್ನೂ ದೊಡ್ಡ ಭಾವ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸೋಸಲೆಗೆ ತಂದು ಅಕ್ಕನೆದುರು ಓದುತ್ತಿದ್ದರು. ಮೊದಲ ಪುಟ ಮಾತ್ರ ತೆಗೆಸುತ್ತಿದ್ದರು. ಉಳಿದದ್ದು ಹಳೆಯ ಮಾತು, ಬಾಣದ ಗುರುತಿನ ಮಾತು, ನಾವೇ ಬರೆದದ್ದು. ಅದನ್ನು ಅಳಿಸುವುದು ಅಗೌರವ. ಮತ್ತೆ ಓದುವುದು ಅನವಶ್ಯಕ.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು, ದಸರಾಕ್ಕೆ ಮೊದಲು ಅಕ್ಕನಿಗೆ ದವಡೆ ಹಲ್ಲು ನೋವು ಬಂತು. ಮುಖ ಊದಿಕೊಂಡಿತು. ತಿ. ನರಸೀಪುರದ ಹಲ್ಲಿನ ಡಾಕ್ಟರು ಕೀಳಬೇಕು ಅಂದರು. ರಕ್ತ ನೀರಾಗುವ ಮಾತ್ರೆ ತಿನ್ನುತ್ತಿದ್ದೀರಿ, ಕಿತ್ತರೆ ರಕ್ತ ನಿಲ್ಲುವುದಿಲ್ಲ, ಕೆಲವು ದಿನ ಮುಂಚೆ ನಿಲ್ಲಿಸಬೇಕಾಗಬಹುದು, ಆದರೆ ನಿಮ್ಮ ಹೃದಯದ ಡಾಕ್ಟರನ್ನು ಕೇಳಿಯೇ ನಿಲ್ಲಿಸಿ ಎಂದು ಸರಿಯಾಗಿಯೇ ಹೇಳಿದ್ದರು. ಮೇಡಂ ಪತ್ರ ಬರೆದರು. ಎರಡೇ ಪ್ರಶ್ನೆ. ಹಲ್ಲು ಕೀಳಿಸಬಹುದೆ? ಅದಕ್ಕಾಗಿ ಮಾತ್ರೆ ನಿಲ್ಲಿಸಬೇಕೆ? ಎರಡರ ಕೆಳಗೂ ಒಂದೊಂದು ಸಾಲು ಖಾಲಿ. ಆಯುಧಪೂಜೆಗೆ ಮಿಷನ್ನುಗಳಿಗೆಲ್ಲ ಕುಂಕುಮ ಇಟ್ಟು, ಶಾಲೆಗೆ ಬೀಗ ಹಾಕಿ, ಮೇಡಂ ಹೆಡತಲೆಗೆ ಹೋದರು.

ಬಾಗಿಲು ತೆಗೆದದ್ದು ಹಬ್ಬ ಕಳೆದು ಮೊದಲ ಸೋಮವಾರ. ನಾನೂ ಅಂದು ರಜೆ ಹಾಕಿದ್ದೆ. ನಾನು ಎಲ್ಲಿ ನಿಂತಿದ್ದೆ ಎಂಬುದು ನನಗೆ ಸ್ಪಷ್ಟವಾಗಿ ನೆನಪಿದೆ. ಮೇಡಂ ಕಂಪ್ಯೂಟರಿನ ಮುಂದೆ ಕೂತಿದ್ದರು, ನಾನು ಅವರ ಬಲಗಡೆ ಕಿಟಕಿಗೆ ಬೆನ್ನು ಕೊಟ್ಟು ನಿಂತಿದ್ದೆ. ಸಹಾಯಕಿ ಶಾಂತಾ ಒಣಗಿದ ಚೆಂಡುಹೂವನ್ನು ಮಿಷನ್ನುಗಳ ಮೇಲಿಂದ ತೆಗೆದು ಮೊರಕ್ಕೆ ಹಾಕುತ್ತಿದ್ದಳು. ಪರದೆಯ ಮೇಲೆ ದೊಡ್ಡ ಭಾವನ ಪತ್ರ ಬಂತು. ನಾಲ್ಕು ದಿನದ ಹಿಂದಿನದ್ದು. ಆಶೀರ್ವಾದ, ವಿಜಯದಶಮಿಯ ಶುಭಾಶಯ, ಆಮೇಲೆ: ಡಾಕ್ಟರು ಒಪ್ಪಿದ್ದಾರೆ, ಹಲ್ಲಿನ ಡಾಕ್ಟರು ಹೇಳಿದಂತೆ ಇವತ್ತಿನಿಂದಲೇ ಮಾತ್ರೆ ನಿಲ್ಲಿಸುವುದು, ಮಂಗಳವಾರ ಹಲ್ಲು ಕೀಳಿಸುವುದು. ಅದರ ಕೆಳಗೆ ಬೆಂಗಳೂರಿನ ಡಾಕ್ಟರ ಇಂಗ್ಲಿಷ್ ಸಾಲು: ಪತ್ರ ಓದಿದೆ, ಹಲ್ಲು ಕೀಳಿಸಲು ಅಡ್ಡಿಯಿಲ್ಲ. ಅದರ ಕೆಳಗೆ ಅವರ ಹೆಸರು, ಹುದ್ದೆ.

ನನಗೆ ಅಷ್ಟೇ ಸಾಕೆನಿಸಿತು. "ಸದ್ಯ, ಒಪ್ಪಿದ್ರಲ್ಲ ಮೇಡಂ" ಅಂದೆ.

"ಹೆಸರಿನ ಕೆಳಗೆ ಇನ್ನೂ ಇದೆ ಇರು" ಅಂದರು ಮೇಡಂ. ಅವರು ಕೆಳಕ್ಕೆ ಹೋಗುತ್ತಲೇ ಇದ್ದರು. ನಮ್ಮ ಪತ್ರದ ಮೇಲೆ ದೊಡ್ಡ ಭಾವ ತಮ್ಮ ಹಳೆಯ ರಾಶಿಯನ್ನೆಲ್ಲ ಸೇರಿಸಿ ಡಾಕ್ಟರಿಗೆ ಮತ್ತೆ ಕಳಿಸಿದ್ದರು, ಡಾಕ್ಟರು ಉತ್ತರ ಬರೆದದ್ದು ಅದರಲ್ಲೇ. ಬಾಣದ ಗುರುತುಗಳು, ಹಳೆಯ ಪತ್ರಗಳು, ಯುಗಾದಿಯ ಆಶೀರ್ವಾದ, ಅದರೊಳಗೊಂದು, ಅದರೊಳಗೊಂದು… ನಡುವೆ ಎಲ್ಲೋ ನಮ್ಮ ಎರಡನೆಯ ಪ್ರಶ್ನೆ ಬಂತು. ಅದರ ಕೆಳಗೆ ಖಾಲಿ ಬಿಟ್ಟಿದ್ದ ಸಾಲು ಖಾಲಿ ಇರಲಿಲ್ಲ.

ನಿಲ್ಲಿಸಬೇಡಿ. ಒಂದು ದಿನವೂ ಬೇಡ. ಮೊದಲು ರಕ್ತ ಪರೀಕ್ಷೆ ಮಾಡಿಸಿ ವರದಿ ಕಳಿಸಿ.

ಮೇಡಂ ಅದನ್ನು ಒಮ್ಮೆ ಮನಸ್ಸಿನಲ್ಲಿ ಓದಿದರು, ಒಮ್ಮೆ ಗಟ್ಟಿಯಾಗಿ ಓದಿದರು. ಶಾಂತಾಳ ಮೊರ ಜಾರಿ ಚೆಂಡುಹೂವೆಲ್ಲ ನೆಲಕ್ಕೆ ಬಿತ್ತು. ನಾಲ್ಕು ದಿನ ಆಗಿಹೋಗಿತ್ತು.

ಮೇಡಂ ಆಗ ಮಾಡಿದ ಕೆಲಸ ನನಗೆ ಆ ಕ್ಷಣ ಅರ್ಥವಾಗಲಿಲ್ಲ, ಸಿಟ್ಟೂ ಬಂತು. ಓಡುವುದು ಬಿಟ್ಟು ಅವರು ಕಂಪ್ಯೂಟರಿನಲ್ಲಿ ಅಳಿಸತೊಡಗಿದರು. ದೊಡ್ಡ ಭಾವನ ಮಾತು, ನಮ್ಮ ಹಳೆಯ ಪತ್ರಗಳು, ಆಶೀರ್ವಾದ, ಎಲ್ಲ. ಕೊನೆಗೆ ಉಳಿದದ್ದು ಪ್ರಶ್ನೆ, ಅದರ ಕೆಳಗೆ ಉತ್ತರ. ಅದರ ಕೆಳಗೆ ಒಂದು ಸಾಲು ಸೇರಿಸಿದರು: ರೋಗಿ ನಾಲ್ಕು ದಿನದಿಂದ ಮಾತ್ರೆ ತೆಗೆದುಕೊಂಡಿಲ್ಲ, ಕವಾಟ ಲೋಹದ್ದು. ಅದನ್ನು ಡಾಕ್ಟರಿಗೆ ಕಳಿಸಿ, ಒಂದು ಪ್ರಿಂಟ್ ತೆಗೆದು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು. ಇಷ್ಟಕ್ಕೂ ಒಂದೆರಡು ನಿಮಿಷ ಹಿಡಿದಿರಬಹುದು. ದೊಡ್ಡ ಭಾವನ ಸ್ಕೂಲಿಗೆ ಫೋನು ಮಾಡಿದರು, ರಜೆ. ಅಕ್ಕನ ಪಕ್ಕದ ಮನೆಯ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. "ಮಾಡ್ತಾನೇ ಇರು" ಎಂದು ಶಾಂತಾಳಿಗೆ ಹೇಳಿ, ಚಪ್ಪಲಿ ಮೆಟ್ಟಿ, "ನಡಿ" ಅಂದರು. ತಾವೂ ಬರುತ್ತಾರೆಂದು ನಾನು ಎಣಿಸಿರಲಿಲ್ಲ. "ನೀನೊಬ್ನೇ ಹೋದ್ರೆ ಸುತ್ತೂರಲ್ಲೇ ಇಳಿದುಬಿಡ್ತೀಯ. ಮುಖ ನೋಡ್ಕೋ ಹೋಗು."

ಸುತ್ತೂರಿನ ಮೇಲೆ ಹೋಗುವ ಬಸ್ಸು. ಕಂಡಕ್ಟರ್ ಸಿದ್ದರಾಜು ಅವರದೇ ಶಿಷ್ಯ; ಟೈಪಿಂಗ್ ಎರಡು ಸಲ ಫೇಲಾಗಿ ಕಂಡಕ್ಟರ್ ಆದವನು. ಮೇಡಂ ಕಿಟಕಿಯ ಪಕ್ಕ ಕೂತಿದ್ದರು. ಅವರ ಹತ್ತು ಬೆರಳೂ ಮಂಡಿಯ ಮೇಲೆ, ಸೀರೆಯ ಮೇಲೆ ಓಡುತ್ತಿದ್ದವು.

"ಏನ್ ಮೇಡಂ, ಬಸ್ಸಲ್ಲೂ ಟೈಪಾ? ಯಾರ್ಗೆ ಕಾಗ್ದ?" ಅಂದ ಸಿದ್ದರಾಜು.

"ನಂಜುಂಡೇಶ್ವರನಿಗೆ" ಅಂದರು ಮೇಡಂ. "ಉತ್ತರ ಬೇಗ ಬೇಕು. ನಿನ್ನ ಡ್ರೈವರಿಗೆ ಸ್ವಲ್ಪ ಹೇಳು."

ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ. ಮುಂದೆ ಹೋಗಿ ಡ್ರೈವರಿನ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಆ ಬಸ್ಸು ಕೈ ಅಡ್ಡ ಹಾಕಿದ ಕಡೆಯಲ್ಲೆಲ್ಲ ನಿಲ್ಲಲಿಲ್ಲ. ಜನ ಬೈದರು. ಸಿದ್ದರಾಜು ಬಾಗಿಲಲ್ಲಿ ನಿಂತು ಎಲ್ಲ ಬೈಗುಳವನ್ನೂ ತಾನೇ ತೆಗೆದುಕೊಂಡ.

ಸೋಸಲೆ ಮುಟ್ಟಿದಾಗ ಅಕ್ಕ ಜಗುಲಿಯಲ್ಲಿ ಕೂತಿದ್ದಳು. ಏನೂ ಆಗಿರಲಿಲ್ಲ. ಅಂದರೆ, ನಾನು ಹಾಗೆ ಅಂದುಕೊಂಡೆ. "ಅಯ್ಯೋ, ಟೈಪ್ ಮೇಡಮ್ಮೋರೂ ಬಂದವ್ರಲ್ಲಾ! ಒಂದ್ ಮಾತು ಏಳಿ ಕಳ್ಸಬಾರ್ದೇನ್ಲಾ, ಕೋಳಿ ಕುಯ್ಸಿರ್ತಿದ್ದೆ" ಎಂದು ಎದ್ದಳು. ಒಳಗೆ ಹೋಗಿ ಎರಡು ಕೈಯಲ್ಲೂ ಒಂದೊಂದು ಲೋಟ ನೀರು ತಂದಳು. ಬಲಗೈಯ ಲೋಟವನ್ನು ಮೇಡಂ ತೆಗೆದುಕೊಂಡರು. ಎಡಗೈಯ ಲೋಟ ನನ್ನ ಕಡೆ ಬರುತ್ತಿದ್ದದ್ದು ಮೆಲ್ಲಗೆ ವಾಲಿತು, ನೀರೆಲ್ಲ ಚೆಲ್ಲಿತು, ಲೋಟ ಕೆಳಗೆ ಬಿತ್ತು. ಅಕ್ಕ ತನ್ನ ಕೈಯನ್ನೇ ನೋಡಿಕೊಂಡು ನಕ್ಕಳು.

"ಬೆಳಗಿಂದ ಇಂಗೇ ಈ ಕೈ. ಜೋಮು ಇಡ್ಕಂಡದೆ. ಮಗ್ಗುಲಾಗಿ ಮಲಗಿದ್ನೇನೋ…"

ಆ ಲೋಟ ಬಿದ್ದ ಸದ್ದು ಈಗಲೂ ಕೆಲವೊಮ್ಮೆ ಕೇಳುತ್ತದೆ. ನಾನು ಏನೋ ಕೂಗಲು ಬಾಯಿ ತೆರೆದೆ. ಮೇಡಂ ನನ್ನ ತೋಳನ್ನು ಒತ್ತಿ ಹಿಡಿದರು. ಅಕ್ಕನಿಗೆ ಹೇಳುವಾಗ ಅವರ ದನಿ ಏನೂ ಬದಲಾಗಿರಲಿಲ್ಲ. "ಕೋಳಿ ಇನ್ನೊಂದ್ಸಲ ಆಗ್ಲಿ ತಾಯಿ. ಈಗ ನಾವು ಮೂರು ಜನ ಮೈಸೂರಿಗೆ ಹೋಗಿ ಬರೋಣ. ಒಂದು ಸೀರೆ ತಗೊಳ್ಳಿ." ಗದ್ದೆಯಿಂದ ಭಾವನನ್ನು ಕರೆಸಿದರು. ಊರಲ್ಲಿ ಒಂದು ಬಾಡಿಗೆ ಕಾರಿತ್ತು. ದಾರಿಯಲ್ಲಿ ತಿ. ನರಸೀಪುರದಲ್ಲಿ ದೊಡ್ಡ ಭಾವನನ್ನು ಹತ್ತಿಸಿಕೊಂಡೆವು. ವಿಷಯ ಕೇಳಿ ಅವರು ಮುಂದಿನ ಸೀಟಿನಲ್ಲಿ ಕೂತವರು ಮೈಸೂರು ಮುಟ್ಟುವವರೆಗೂ ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ಅಕ್ಕನ ತಲೆ ಮೇಡಂ ಹೆಗಲ ಮೇಲಿತ್ತು. ಅವಳ ಎಡಗೈಯನ್ನು ಮೇಡಂ ತಮ್ಮ ಎರಡು ಕೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಒತ್ತುತ್ತ, "ಇದು ಗೊತ್ತಾಗುತ್ತಾ? ಇದು?" ಎಂದು ಕೇಳುತ್ತಿದ್ದರು. ಮೊದಲ ದಿನ ನಮ್ಮ ಬೆರಳುಗಳನ್ನು ಕೀಲಿಯ ಮೇಲಿಡಿಸಿ ಒತ್ತಿಸುತ್ತಿದ್ದದ್ದೂ ಹೀಗೆಯೇ.

ಮೈಸೂರಿನ ಆಸ್ಪತ್ರೆಯಲ್ಲಿ ತುರ್ತು ವಿಭಾಗದ ಬಾಗಿಲಲ್ಲೇ ಒಬ್ಬ ಎಳೆಯ ಡಾಕ್ಟರು ನಿಂತಿದ್ದರು. ಏನು ಅಂದರು. ದೊಡ್ಡ ಭಾವ ಹೇಳತೊಡಗಿದರು, ಅಳು ಬಂತು. ಭಾವ ಹಲ್ಲಿನಿಂದ ಶುರು ಮಾಡಿದರು. ನಾನು ಕವಾಟದಿಂದ ಶುರು ಮಾಡಿದೆ. ಮೂವರೂ ಒಟ್ಟಿಗೆ ಮಾತಾಡುತ್ತಿದ್ದೆವು. ಮೇಡಂ ಕುಪ್ಪಸದಿಂದ ಆ ಹಾಳೆ ತೆಗೆದು ಡಾಕ್ಟರ ಕಣ್ಣಿನೆದುರು ಹಿಡಿದರು. ಪ್ರಶ್ನೆ. ಅದರ ಕೆಳಗೆ ಉತ್ತರ. ಅದರ ಕೆಳಗೆ ಆದದ್ದು. ಅವರು ಅದನ್ನು ನಿಂತಲ್ಲೇ ಓದಿದರು. ಮತ್ತೇನೂ ಕೇಳಲಿಲ್ಲ. ತಳ್ಳುಗಾಡಿ ಬಂತು, ಅಕ್ಕ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಒಂದು ವಾರದ ಮೇಲೆ ಅಕ್ಕ ನಡೆದುಕೊಂಡು ಹೊರಗೆ ಬಂದಳು. ಕೈ ಬಂತು, ಹಿಡಿತ ಬಂತು. ಎಡಗೈಯ ಉಂಗುರದ ಬೆರಳೊಂದು ಮಾತ್ರ ಪೂರ್ತಿ ನೆಟ್ಟಗಾಗಲಿಲ್ಲ. ಇನ್ನೊಂದು ದಿನ ಕಳೆದಿದ್ದರೆ ಏನಾಗುತ್ತಿತ್ತೆಂದು ಅಲ್ಲಿನ ದೊಡ್ಡ ಡಾಕ್ಟರು ಹೇಳಿದರು. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಅದಾದ ಮೇಲೆ ಒಂದು ಸಂಜೆ ದೊಡ್ಡ ಭಾವ ನಂಜನಗೂಡಿಗೆ ಬಂದರು. ಮೆಟ್ಟಿಲು ಹತ್ತಿ ಬಂದವರು ಒಳಗೆ ಬರಲಿಲ್ಲ. ಕಲಿಯುವ ಹುಡುಗಿಯರು ಕೂರುವ ಬೆಂಚಿನಲ್ಲಿ, ಹೊರಗೆ, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತರು. ಮೇಡಂ ಹೊರಗೆ ಹೋಗಿ, "ಇದೇನ್ ಮೇಷ್ಟ್ರೆ, ಅಡ್ಮಿಷನ್ ಬೇಕಾ?" ಅಂದರು.

"ಬೇಕು ಮೇಡಂ" ಅಂದರು ದೊಡ್ಡ ಭಾವ. ತಮಾಷೆ ಮಾಡುತ್ತಿರಲಿಲ್ಲ.

ನಾನು ಒಳಗಿದ್ದೆ, ಬೈಗುಳ ಬೀಳುತ್ತದೆಂದು ಕಾದೆ. ಮೇಡಂ ಬೈಯಲಿಲ್ಲ. ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ತಾವು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ಯಾವುದೋ ಪತ್ರ ತೆಗೆದು, ಬೇಡದ ಸಾಲು ತೋರಿಸಿ, ಅಳಿಸಿ ಅಂದರು. ದೊಡ್ಡ ಭಾವನ ಬೆರಳು ಕೀಲಿಯ ಮೇಲೆ ನಿಂತುಬಿಟ್ಟಿತು.

"ದೊಡ್ಡೋರ ಮಾತು ಮೇಡಂ… ಎಂಗ್ ಕತ್ರಸ್ಲಿ?"

"ನೀವು ಕತ್ತರಿಸ್ತಾ ಇರೋದು ಅವರ ಮಾತನ್ನಲ್ಲ ಮೇಷ್ಟ್ರೆ, ನಕಲನ್ನ. ಮಾತು ಅವರ ಹತ್ರ ಹಾಗೇ ಇರುತ್ತೆ, ನಿಮ್ಮ ಹತ್ರ ಬಂದಿದ್ದೂ ಇರುತ್ತೆ. ದೊಡ್ಡೋರಿಗೆ ಮರ್ಯಾದೆ ಅಂದ್ರೆ ಅವರು ಹೇಳಿದ್ದು ಕಣ್ಣಿಗೆ ಬೀಳೋ ಹಾಗೆ ಇಡೋದು. ಹೂತಿಡೋದಲ್ಲ."

ದೊಡ್ಡ ಭಾವ ಆ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಒತ್ತಿದರು. ಸಾಲು ಹೋಯಿತು. "ಓಯ್ತಾ?" ಅಂದರು. "ಹೋಯ್ತು" ಅಂದರು ಮೇಡಂ. "ನೋಡಿ, ಗೋಡೆ ಬಿದ್ದಿಲ್ಲ."

ಮುಂದೆ ದೊಡ್ಡ ಭಾವನಷ್ಟು ಕಟ್ಟುನಿಟ್ಟಾಗಿ ಇ-ಮೇಲ್ ಬರೆದವರನ್ನು ನಾನು ಕಂಡಿಲ್ಲ. ನಾನು ಉತ್ತರವನ್ನು ಮೇಲೆ ಬರೆದರೆ ತಿರುಗಿ ಕಳಿಸುತ್ತಿದ್ದರು. ಆಶೀರ್ವಾದವನ್ನು ಮಾತ್ರ ಬಿಡಲಿಲ್ಲ. ಅದನ್ನು ಎಲ್ಲಕ್ಕಿಂತ ಕೆಳಗೆ ತಂದರು. ಮೇಡಂ ಅದಕ್ಕೆ ಒಪ್ಪಿಗೆ ಕೊಟ್ಟಿದ್ದರಂತೆ.

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಪಾತ್ರೆ ಅಂಗಡಿಯವರು ಮಹಡಿ ಕೆಡವಿ ಕಟ್ಟಿದರು. ಮಿಷನ್ನುಗಳನ್ನು ಯಾರೋ ತೂಕಕ್ಕೆ ಕೊಂಡರು. ಅಂದು ಮೇಡಂ ಕೆಳಗೆ ರಸ್ತೆಯಲ್ಲಿ ನಿಂತು, ಲಾರಿಯವನಿಗೆ, "ಮೆತ್ತಗೆ ಇಳಿಸಪ್ಪಾ, ಎಷ್ಟೊಂದು ಜನಕ್ಕೆ ಅನ್ನ ಹಾಕಿದ್ದಾವೆ" ಅಂದರು. ಹೆಡತಲೆಗೆ ಹೋಗಿ ಅಣ್ಣನ ಮಗನ ಮನೆಯಲ್ಲಿದ್ದರು. ನಾನು ವರ್ಷಕ್ಕೆ ಒಂದೆರಡು ಸಲ ಹೋಗುತ್ತಿದ್ದೆ. ಅಕ್ಕ ರವಿಕೆ ಹೊಲಿದು ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ಅಳತೆ ಕೇಳುತ್ತಿರಲಿಲ್ಲ, ಹೆಗಲು ಗೊತ್ತಿದೆಯಲ್ಲ ಅನ್ನುತ್ತಿದ್ದಳು.

ಹೋದ ವರ್ಷ ಮೇಡಂ ತೀರಿಕೊಂಡರು. ಅವರ ಹಳೆಯ ಶಿಷ್ಯರದ್ದು ಮೊಬೈಲಿನಲ್ಲಿ ಒಂದು ಗುಂಪಿದೆ. ಬೆಳಿಗ್ಗೆ ಸುದ್ದಿ ಬಂತು. ಯಾರೋ, ಮಣ್ಣು ಎಷ್ಟು ಹೊತ್ತಿಗೆ ಎಂದು ಕೇಳಿದ್ದರು. ನಾನು ಕೈಯಲ್ಲಿ ಮೊಬೈಲು ಹಿಡಿದು ಅದರ ಉತ್ತರಕ್ಕೆ ಕಾದೆ. ಕೈ ಮುಗಿದ ಚಿತ್ರಗಳು ಬಂದವು, ದೀಪಗಳು ಬಂದವು, ಹೂಗಳು ಬಂದವು. ಅವರ ಹಳೆಯ ಫೋಟೊ ಬಂತು, ಅದಕ್ಕೆ ಮತ್ತೆ ಕೈ ಮುಗಿದ ಚಿತ್ರಗಳು. ಸಂಜೆ ಇರಬೇಕೆಂದು ನಾನೇ ಅಂದುಕೊಂಡು ಹೊರಟೆ. ಅವರ ಅಣ್ಣನ ಮಗ ಬೆಳಿಗ್ಗೆಯೇ ಉತ್ತರ ಹಾಕಿದ್ದನಂತೆ, ಮಧ್ಯಾಹ್ನ ಎಂದು. ಅದು ಅಷ್ಟೂ ಕೈಗಳ ನಡುವೆ ಎಲ್ಲೋ ಇತ್ತು…

ನಾನು ಹೆಡತಲೆ ಮುಟ್ಟಿದಾಗ ಎಲ್ಲ ಮುಗಿದಿತ್ತು. ಹೊಸ ಮಣ್ಣಿನ ಮೇಲೆ ನೀರು ಚಿಮುಕಿಸಿದ್ದರು. ಶಾಂತಾ ಒಬ್ಬಳೇ ಇನ್ನೂ ನಿಂತಿದ್ದಳು. "ಈಗ ಬಂದ್ಯೇನೋ" ಅಂದಳು. ಮೇಡಂ ಇದ್ದಿದ್ದರೆ ಅಡಿಕೋಲಿನಿಂದ ಮೇಜಿಗೆ ಒಂದು ಏಟು ಹಾಕುತ್ತಿದ್ದರು. ಆ ಏಟು ಬೀಳಲಿಲ್ಲ. ಅವರು ಇಲ್ಲ ಅನ್ನುವುದು ನನಗೆ ಗೊತ್ತಾದದ್ದು ಆಗ.

ಹೋದ ತಿಂಗಳ ಆ ಭಾನುವಾರ ಹೊಲಿಗೆ ಯಂತ್ರವನ್ನು ಬಸ್ಸಿಗೆ ಹಾಕಿಸಿಕೊಂಡು ಸಂಜೆಯ ಹೊತ್ತಿಗೆ ಸೋಸಲೆಗೆ ಹೋದೆ. ಅಕ್ಕ ಜಗುಲಿಯಲ್ಲೇ ಇಳಿಸಿಕೊಂಡು, ಮುಚ್ಚಳ ತೆಗೆದು, ಬಗ್ಗಿ ಮೂಸಿದಳು. ಸ್ವಲ್ಪ ಹೊತ್ತು ಹಾಗೇ ಬಗ್ಗಿದ್ದಳು.

"ಮೇಡಮ್ಮೋರ ವಾಸ್ನೆ ಕಣ್ಲಾ ಇದು. ಕಾರಲ್ಲಿ ಉದ್ದುಕ್ಕೂ ಇದೇ."

ಅವಳಿಗೂ ಅದು ನೆನಪಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳು ದಾರದುಂಡೆ ತಂದು, ಆ ಬಾಗಿದ ಬೆರಳಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡು, ಸೂಜಿಗೆ ಪೋಣಿಸಿದಳು. ದಾರ ಬಿಗಿಯಾಗಿ ಹಿಡಿಯಲು ಆ ಬೆರಳೇ ಅನುಕೂಲವಂತೆ.

ನಾನು ಕಂಡದ್ದನ್ನು ಕಂಡಷ್ಟೇ ಬರೆದಿದ್ದೇನೆ. ಭಾವ ಈಗಿಲ್ಲ. ದೊಡ್ಡ ಭಾವನೂ ಇಲ್ಲ. ಅವರ ಪಡಸಾಲೆಯ ತಂತಿಯನ್ನು ಮಕ್ಕಳು ಇನ್ನೂ ಹಾಗೇ ಬಿಟ್ಟಿದ್ದಾರೆ. ಮೈಸೂರಿನ ಆ ಎಳೆಯ ಡಾಕ್ಟರು ಎಲ್ಲಿದ್ದಾರೋ ನನಗೆ ತಿಳಿಯದು. ಅಂದು ಕಂಡವರಲ್ಲಿ ನನಗೆ ಗೊತ್ತಿದ್ದ ಹಾಗೆ ಇನ್ನೂ ಇರುವವರು ಇವರು: ಉತ್ತರವನ್ನು ಮೇಡಂ ಗಟ್ಟಿಯಾಗಿ ಓದಿದಾಗ ಕೇಳಿದ ಶಾಂತಾ, ನಂಜನಗೂಡಿನಲ್ಲೇ ಮಗಳ ಮನೆಯಲ್ಲಿದ್ದಾಳೆ. ಬಸ್ಸು ನಿಲ್ಲಿಸದೆ ಬೈಸಿಕೊಂಡ ಸಿದ್ದರಾಜು, ನಿವೃತ್ತನಾಗಿ ಸುತ್ತೂರಿನ ಹತ್ತಿರ ಇದ್ದಾನೆ. ಮತ್ತೆ ಲೋಟ ಕೈಬಿಟ್ಟ ನಮ್ಮಕ್ಕ, ಮಹದೇವಮ್ಮ. ಸೋಸಲೆಯಲ್ಲಿದ್ದಾಳೆ. ಮೊನ್ನೆಯೂ ಮಾತ್ರೆ ತಗೊಂಡೆಯಾ ಎಂದು ಕೇಳಿದ್ದೆ. ತಗೊಂಡೆ ಅಂದಳು.